ವಿರೇಚನವೂ ವಂಚನೆಯೂ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೆಯ ಮನೆಗಳಲ್ಲಿ 'ಜುಲಾಬು' ಎಂಬ ಮಾತನ್ನು ಅರಿಯದವರು ವಿರಳ. 1948ರ ವರೆಗೆ ಈ ನಾಡು ಹೈದರಾಬಾದು ಸಂಸ್ಥಾನದೊಳಗೆ ಇದ್ದುದರಿಂದ ಇಲ್ಲಿ ಪಂಡಿತನ ಚೂರ್ಣಕ್ಕೂ ಹಕೀಮನ ಮಾಜೂನಿಗೂ ಸಮಾನವಾದ ಮರ್ಯಾದೆಯಿದ್ದಿತು. ವಿರೇಚನವೆಂಬ ಸಂಸ್ಕೃತ ಶಬ್ದವು ಗ್ರಂಥಗಳಲ್ಲಿಯೇ ಉಳಿದು, ಹಕೀಮನ ಶಬ್ದವು ಜನರ ನಾಲಗೆಯನ್ನೇರಿತು. ಈ ಶಬ್ದದ ವಂಶಾವಳಿಯೂ ವಿನೋದವಾದುದೇ. ಫಾರಸಿಯಲ್ಲಿ 'ಗುಲಾಬ್' ಎಂದರೆ ಪನ್ನೀರು. ಅದು ಅರಬ್ಬಿಗೆ ಹೋಗಿ 'ಜುಲಾಬ್' ಎಂದಾಗಿ, ಔಷಧವನ್ನು ಕಲಸಿ ಕೊಡುವ ಸಿಹಿಪಾನಕದ ಹೆಸರಾಯಿತು. ಹಿಂದುಸ್ಥಾನದಲ್ಲಿ ನೆಲೆಸುವಷ್ಟರಲ್ಲಿ ಭೇದಿಯ ಔಷಧಕ್ಕೇ ಹೆಸರಾಯಿತು. ಸುಗಂಧದಿಂದ ಹೊರಟ ಶಬ್ದವು ಎಲ್ಲಿಗೆ ಬಂದು ಮುಟ್ಟಿತೆಂಬುದನ್ನು ವಿವರಿಸಬೇಕಾದುದಿಲ್ಲ.

ಆ ಮನೆಗಳಲ್ಲಿ ಜುಲಾಬಿನ ದಿನವು ಗುಟ್ಟಿನ ದಿನವಾಗಿರಲಿಲ್ಲ. ಮಗುವಿನ ಮೂಗನ್ನು ಹಿಡಿದು ಔಡಲೆಣ್ಣೆಯನ್ನು ಕುಡಿಸುವಾಗ ಅಜ್ಜಿಯಿಂದ ಹಿಡಿದು ನೆರೆಮನೆಯವರ ವರೆಗೆ ಎಲ್ಲರೂ ಅದನ್ನು ಬಲ್ಲರು. ದೊಡ್ಡವರಿಗಾದರೂ ಹಾಗೆಯೇ. ಹಕೀಮನು ಮೊದಲು ಕೆಲವು ದಿನ ದೋಷವನ್ನು ಪಕ್ವಗೊಳಿಸುವ 'ಮುಂಜಿಜ್' ಕೊಟ್ಟು, ಅನಂತರವೇ ಭೇದಿಯ 'ಮುಸ್ಹಿಲ್' ಕೊಡತಕ್ಕದ್ದೆಂಬುದು ಯುನಾನಿಯ ಕ್ರಮ. ಆಯುರ್ವೇದದಲ್ಲಿಯೂ ಸ್ನೇಹನ ಸ್ವೇದನಗಳು ಆಗದೆ ವಿರೇಚನವಿಲ್ಲ. ವಿರೇಚನವಾದ ಮೇಲೆ ಪೇಯ, ವಿಲೇಪಿ, ಯೂಷ ಎಂದು ತೆಳುಗಂಜಿಯಿಂದ ಮೊದಲುಮಾಡಿ ದಿನದಿನಕ್ಕೆ ಅನ್ನದ ಕಡೆಗೆ ಮರಳಬೇಕೆಂಬ ಸಂಸರ್ಜನಕ್ರಮವುಂಟು. ಹೀಗೆ ಆ ಕರ್ಮಕ್ಕೆ ಒಂದು ಕಾರಣವಿದ್ದಿತು, ಆದಿಯಿದ್ದಿತು, ಅಂತ್ಯವಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ ನೋಡುವವರು ಇದ್ದರು.

ಈಗ ಅದೇ ಔಷಧವು ಬೇರೊಂದು ವೇಷದಿಂದ ಮನೆಯನ್ನು ಹೊಗುತ್ತಿದೆ. ಕೈಯೊಳಗಿನ ಮೊಬೈಲಿನಲ್ಲಿ 'ದೇಹವನ್ನು ಶುದ್ಧಿಗೊಳಿಸುವ' ಚಹಾ, ಹೊಟ್ಟೆಯನ್ನು ಕರಗಿಸುವ ಚೂರ್ಣ ಇವುಗಳ ಜಾಹೀರಾತು ತೋರದ ದಿನವಿಲ್ಲ. ಇಂತಹ ಚಹಾಗಳಲ್ಲಿ ಎಷ್ಟೋ ಪಾಲು ಸೋನಾಮುಖಿಯ ಎಲೆಯೇ ಇರುತ್ತದೆ. ಔಷಧದ ಅಂಗಡಿಯಲ್ಲಿ ಭೇದಿಯ ಗುಳಿಗೆಗಳು ಯಾರು ಕೇಳಿದರೂ ದೊರೆಯುವುವು. ಮಲಬದ್ಧತೆಯಿಂದ ನರಳುವವನು ಅದನ್ನು ವೈದ್ಯನ ಮಾತಿನಂತೆ ಕೆಲವು ದಿನ ತೆಗೆದುಕೊಂಡರೆ ದೋಷವೇನೂ ಇಲ್ಲ. ಆದರೆ ಯಾವ ರೋಗವೂ ಇಲ್ಲದ ಯುವತಿಯು, ಯುವಕನು ಸಹ, ತೂಕವನ್ನು ಇಳಿಸಿಕೊಳ್ಳಬೇಕೆಂದು ಅದನ್ನು ಬಾಗಿಲಿಕ್ಕಿಕೊಂಡು ನುಂಗುವುದುಂಟು. ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಇದು ಕೇವಲ ವೈದ್ಯನಿಗೆ ಬಿಡತಕ್ಕ ವಿಷಯವೋ, ಅಥವಾ ಇದರಲ್ಲಿ ಧರ್ಮಾಧರ್ಮದ ವಿಚಾರವೂ ಉಂಟೋ?

ಮೊದಲು ವೈದ್ಯನ ಮಾತನ್ನೇ ಕೇಳತಕ್ಕದ್ದು. ಉಂಡ ಅನ್ನದ ಸಾರವೆಲ್ಲ ಸುಮಾರು 6 ಮೀಟರು ಉದ್ದವಾದ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಕುಡಿದ ನೀರೂ ಜೀರ್ಣರಸಗಳೂ ಕೂಡಿ ದಿನವೊಂದಕ್ಕೆ 9 ಲೀಟರಿನಷ್ಟು ದ್ರವವು ಆ ಕರುಳಿಗೆ ಬಂದು, ಬಹುಪಾಲು ಅಲ್ಲಿಯೇ ಹೀರಲ್ಪಡುತ್ತದೆ. ಉಳಿದ ಲೀಟರು ಒಂದೂವರೆ ಲೀಟರಿನಷ್ಟು ದ್ರವವು ಜೀರ್ಣವಾಗದ ನಾರಿನೊಡನೆ ದೊಡ್ಡ ಕರುಳಿಗೆ ಇಳಿಯುವುದು. ಸೋನಾಮುಖಿಯಲ್ಲಿರುವ ದ್ರವ್ಯವು ಹೊಟ್ಟೆಯಲ್ಲಾಗಲಿ ಸಣ್ಣ ಕರುಳಿನಲ್ಲಾಗಲಿ ಏನನ್ನೂ ಮಾಡದೆ, ದೊಡ್ಡ ಕರುಳನ್ನು ಮುಟ್ಟಿದ ಮೇಲೆ ಅಲ್ಲಿನ ಸೂಕ್ಷ್ಮಜೀವಿಗಳಿಂದ ರೂಪಾಂತರವನ್ನು ಹೊಂದಿ, ಆಗ ಕೆಲಸಕ್ಕೆ ತೊಡಗುತ್ತದೆ. ಅಂದರೆ ಅನ್ನದ ಸಾರವು ಒಳಗೆ ಸೇರಿಯಾದ ಮೇಲೆ ಔಷಧವು ಎಚ್ಚರಗೊಳ್ಳುತ್ತದೆ! ಔಡಲೆಣ್ಣೆಯು ಸಣ್ಣ ಕರುಳಿನಲ್ಲಿಯೇ ಕೆಲಸಮಾಡುವುದು ನಿಜ. ಆದರೂ ಅದರಿಂದ ಹೊರಗೆ ಹೋಗುವುದರಲ್ಲಿ ನೀರಿನ ಪಾಲೇ ಹೆಚ್ಚು. 1983ರಲ್ಲಿ ಅಮೆರಿಕದ ವೈದ್ಯರು ಇದನ್ನು ಅಳೆದೇ ನೋಡಿದರು. ಹಲವು ಲೀಟರು ಭೇದಿಯಾದಾಗಲೂ ಆಹಾರದ ಶಕ್ತಿಯಲ್ಲಿ ದೇಹಕ್ಕೆ ದಕ್ಕದೆ ಹೋದುದು ನೂರಕ್ಕೆ ಸುಮಾರು 12 ಪಾಲು ಮಾತ್ರ.

ಜೋಳವನ್ನು ಒಕ್ಕಿ, ತೂರಿ, ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ಮೇಲೆ, ಒಬ್ಬನು ಕಣಕ್ಕೆ ಬಂದು ಅಲ್ಲಿ ಬಿದ್ದ ಹೊಟ್ಟನ್ನು ಗುಡಿಸಿ ಹಾಕಿ 'ಹಗೇವು ಬರಿದಾಯಿತು' ಎಂದು ಹಿಗ್ಗಿದರೆ ಹೇಗೋ ಇದೂ ಹಾಗೆಯೇ. ಹೊಟ್ಟಿನೊಡನೆ ಮನೆಯ ಕುಡಿಯುವ ನೀರನ್ನೂ ಉಪ್ಪನ್ನೂ ಚೆಲ್ಲಿದನೆಂಬುದೊಂದು ವಿಶೇಷ.

ಆ ನೀರೂ ಉಪ್ಪೂ ಅಲ್ಪವಾದ ವಸ್ತುಗಳಲ್ಲ. ಒಂದು ಲೀಟರು ನೀರು ಹೋದರೆ ತಕ್ಕಡಿಯಲ್ಲಿ ಒಂದು ಕಿಲೋ ಕಡಿಮೆ ತೋರುವುದು. ಅದನ್ನು ಕಂಡು ಮನಸ್ಸು ಮೋಸಹೋಗುವುದು. ದೇಹವಾದರೋ ಮೋಸಹೋಗುವುದಿಲ್ಲ. ನೀರು ಕಡಿಮೆಯಾಯಿತೆಂದು ತಿಳಿದೊಡನೆಯೇ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಬಿಗಿಹಿಡಿಯುತ್ತವೆ. ಔಷಧವನ್ನು ನಿಲ್ಲಿಸಿದ ಕೂಡಲೇ ಕಾಲೂ ಮುಖವೂ ಬಾತುಕೊಳ್ಳುತ್ತವೆ. ಆ ಬಾವನ್ನು ಕೊಬ್ಬೆಂದೇ ಭಾವಿಸಿದವಳು ಮತ್ತೆ ಗುಳಿಗೆಯ ಕಡೆಗೆ ಕೈನೀಡುತ್ತಾಳೆ. ಚಕ್ರವು ತಿರುಗಲು ಇಷ್ಟು ಸಾಕು. ಇದರ ನಡುವೆ ಪೊಟ್ಯಾಸಿಯಂ ಎಂಬ ಲವಣವು ದಿನದಿನಕ್ಕೆ ಸೋರಿಹೋಗುತ್ತಿರುತ್ತದೆ. ಅದು ಮಿತಿಗಿಂತ ಕಡಿಮೆಯಾದರೆ ಮೊದಲು ಕೈಕಾಲುಗಳಲ್ಲಿ ಸೆಳೆತ, ನಿತ್ರಾಣ. ಮುಂದೆ ಹೃದಯದ ಬಡಿತವೇ ತಾಳತಪ್ಪುವುದು. ಹೊರಗೆ ಕಾಣುವ ಯಾವ ಗುರುತೂ ಇಲ್ಲದೆ ಹೃದಯವು ನಿಂತುಹೋಗುವುದೂ ಉಂಟು. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಕೃಷ್ಣಾ ಭೀಮಾ ನದಿಗಳ ನಡುವಿನ ಈ ಬಯಲಿನಲ್ಲಿ, ಬೆವರಿನಿಂದಲೇ ನೀರನ್ನು ಕಳೆದುಕೊಳ್ಳುವ ದೇಹಕ್ಕೆ ಇದರ ಅಪಾಯವು ಇಮ್ಮಡಿಯೆಂದು ಬೇರೆ ಹೇಳಬೇಕೆ? ಕೊನೆಗೆ ಕರುಳು ಔಷಧವಿಲ್ಲದೆ ತನ್ನ ಕೆಲಸವನ್ನು ತಾನೇ ಮಾಡಲು ಸೋಮಾರಿಯಾಗುತ್ತದೆ. ಯಾವ ಮಲಬದ್ಧತೆಗೆ ಔಷಧವೋ ಅದೇ ಮಲಬದ್ಧತೆಯನ್ನು ಔಷಧವೇ ತಂದೊಡ್ಡುತ್ತದೆ.

ಇದನ್ನು ಹಳಬರು ಅರಿತಿರಲಿಲ್ಲವೆಂದು ತಿಳಿಯಬಾರದು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ವಿರೇಚನದ ಯೋಗಗಳು 245 ಎಣಿಕೆಯಾಗಿವೆ. ಸುಖವಿರೇಚನಕ್ಕೆ ತಿಗಡೆ, ಮೃದುವಿರೇಚನಕ್ಕೆ ಕಕ್ಕೆ, ತೀಕ್ಷ್ಣವಿರೇಚನಕ್ಕೆ ಕಳ್ಳಿಯ ಹಾಲು ಎಂದು ತಾರತಮ್ಯವನ್ನು ಹೇಳಿ, ಕಳ್ಳಿಯ ಹಾಲನ್ನು ತಪ್ಪಾಗಿ ಕೊಟ್ಟರೆ ಆಗುವ ಕೇಡನ್ನು ಆಚಾರ್ಯನು ಅಲ್ಲಿಯೇ ಎಚ್ಚರಿಸಿದ್ದಾನೆ. ಸಾಲದುದಕ್ಕೆ ಸಿದ್ಧಿಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ವಮನ ವಿರೇಚನಗಳ ವ್ಯಾಪತ್ತುಗಳಿಗೆ ಮೀಸಲಿಟ್ಟು, ಹತ್ತು ಬಗೆಯ ಅನರ್ಥಗಳನ್ನು ಹೆಸರಿಸಿದ್ದಾನೆ. ಗುದದಲ್ಲಿ ಕತ್ತರಿಸಿದಂತಹ ನೋವಾಗುವ ಪರಿಕರ್ತ, ಹೃದಯವನ್ನು ಹಿಡಿದಂತಾಗುವ ಹೃದ್ಗ್ರಹ, ಜೀವರಕ್ತವೇ ಹೊರಗೆ ಹೋಗುವ ಜೀವಾದಾನ ಇವೆಲ್ಲ ಆ ಪಟ್ಟಿಯಲ್ಲಿವೆ. ವಾಗ್ಭಟನದಂತೂ ಇನ್ನೂ ಮೂಲಕ್ಕೆ ಹೋದ ವಿಚಾರ. ಬಂದ ವೇಗವನ್ನು ತಡೆಯುವುದು ರೋಗಕ್ಕೆ ಕಾರಣವೆಂಬುದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಬಾರದ ವೇಗವನ್ನು ಬಲಾತ್ಕಾರದಿಂದ ಹೊರಡಿಸುವುದೂ ಅಷ್ಟೇ ರೋಗಕಾರಣವೆಂದು ಅವನು ಅದೇ ಉಸಿರಿನಲ್ಲಿ ಹೇಳಿದ್ದನ್ನು ಮಾತ್ರ ಮರೆತಿದ್ದಾರೆ.

ಇಲ್ಲಿ ಒಬ್ಬನು ಪೂರ್ವಪಕ್ಷವನ್ನು ಎತ್ತಬಹುದು. ಸ್ಥೂಲರಿಗೆ ಶೋಧನದಿಂದ ಲಂಘನವನ್ನು ಮಾಡಿಸಬಹುದೆಂದು ಚರಕನೇ ಒಪ್ಪಿರುವನಲ್ಲ? ಹೌದು, ಒಪ್ಪಿದ್ದಾನೆ. ಆದರೆ ಯಾರಿಗೆ? ದೊಡ್ಡ ಶರೀರವೂ, ಬಲವೂ, ದೋಷಗಳ ಆಧಿಕ್ಯವೂ ಮೂರೂ ಕೂಡಿದವರಿಗೆ. ಅಂಥವರಿಗೂ ಲಂಘನವು ಅತಿಯಾದರೆ ಕೀಲುನೋವು, ಬಾಯಾರಿಕೆ, ಕಣ್ಣು ಕಿವಿಗಳ ದೌರ್ಬಲ್ಯ, ಮನಸ್ಸಿನ ಭ್ರಮೆ ಇವು ಉಂಟಾಗುವುವೆಂದು ಮುಂದೆಯೇ ಹೇಳಿದ್ದಾನೆ. ಸ್ಥೌಲ್ಯವನ್ನು ಬಿಡಬಯಸುವವನಿಗೆ ಅವನು ಹೇಳಿದ ನಿತ್ಯದ ದಾರಿ ಬೇರೆ: ಜವೆ, ಹೆಸರು, ಹುರುಳಿ, ಮಜ್ಜಿಗೆ, ವ್ಯಾಯಾಮ, ಇವೆಲ್ಲವೂ ಮೆಲ್ಲಮೆಲ್ಲನೆ. ಬೇಗನೆ ಆಗಬೇಕೆನ್ನುವವನಿಗೆ ಆ ಅಧ್ಯಾಯದಲ್ಲಿ ಏನೂ ದೊರೆಯುವುದಿಲ್ಲ. ಬೊಜ್ಜು ರೋಗವಲ್ಲವೆಂದು ಯಾರೂ ಹೇಳುತ್ತಿಲ್ಲವೆಂಬುದನ್ನೂ ಇಲ್ಲಿಯೇ ನೆನೆಯತಕ್ಕದ್ದು. ಸಿಹಿಮೂತ್ರಕ್ಕೂ ರಕ್ತದ ಒತ್ತಡಕ್ಕೂ ಅದು ನೆಂಟನು. ರೋಗವೆಂದ ಮೇಲೆ ಚಿಕಿತ್ಸೆಯಾಗಲಿ. ಚಿಕಿತ್ಸೆಯ ವೇಷವನ್ನು ಹಾಕಿದ ಮೋಸವು ಬೇಡ.

ಇನ್ನೊಂದು ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ಏಕಾದಶಿಯ ಉಪವಾಸದಿಂದಲೂ ದೇಹವು ಕೃಶವಾಗುತ್ತದೆ, ರಂಜಾನಿನ ರೋಜಾದಿಂದಲೂ ಬಳಲುತ್ತದೆ. ಅವು ಪುಣ್ಯವಾದರೆ ಇದೇಕೆ ಪಾಪ? ಭೇದವಿರುವುದು ದೇಹಕ್ಕಾಗುವ ಕ್ಲೇಶದ ಅಳತೆಯಲ್ಲಲ್ಲ. ಉಪವಾಸಿಯು ಉಣ್ಣೆನೆಂದು ಹೇಳಿ ಉಣ್ಣದಿರುತ್ತಾನೆ. ಅವನ ಮಾತೂ ಕ್ರಿಯೆಯೂ ಒಂದೇ. ಮನೆಯವರಿಗೆ ಅದು ಗೊತ್ತು. ದ್ವಾದಶಿಯ ಬೆಳಿಗ್ಗೆ ಪಾರಣೆಯುಂಟು, ಸೂರ್ಯಾಸ್ತಕ್ಕೆ ಇಫ್ತಾರ್ ಉಂಟು; ವ್ರತಕ್ಕೆ ಕೊನೆಯೆಂಬುದು ವಿಧಿಯಲ್ಲಿಯೇ ಇದೆ. ಗುಳಿಗೆಯ ವ್ರತಕ್ಕೆ ಪಾರಣೆಯಿಲ್ಲ. ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಹೋಳಿಗೆಯನ್ನು ಉಂಡು, ಉಂಡಿಲ್ಲವೆಂದು ದೇಹಕ್ಕೆ ಸುಳ್ಳು ಹೇಳುವುದು ಅದರ ರೀತಿ. ಭೋಗವು ತನಗಿರಲಿ, ಅದರ ಫಲವು ಹೊರಗೆ ಹೋಗಲಿ ಎಂಬ ಈ ಆಸೆ ಮನುಷ್ಯನಿಗೆ ಹೊಸದಲ್ಲ. ಲಂಚವನ್ನು ತಿಂದು ತೀರ್ಥಯಾತ್ರೆಗೆ ಹೋಗುವವನ ಲೆಕ್ಕವೂ ಇದೇ ಅಲ್ಲವೆ? ಅಷ್ಟಾದರೂ ಆ ಆಸೆಯಾದರೂ ಇಲ್ಲಿ ನೆರವೇರುತ್ತದೆಯೋ ಎಂದರೆ, ಮೇಲೆ ಹೇಳಿದಂತೆ, ಫಲವು ಒಳಗೇ ಉಳಿದು ಮೂಲಧನವೇ ಹೊರಗೆ ಹೋಗುತ್ತದೆ.

ಆದರೆ ಈ ಹೋಲಿಕೆಯನ್ನು ಇಲ್ಲಿಗೇ ಬಿಟ್ಟರೆ ಅನ್ಯಾಯವಾದೀತು. ಗುಳಿಗೆ ನುಂಗುವವರೆಲ್ಲರೂ ಹೊಟ್ಟೆಬಾಕರೆಂದು ತೀರ್ಮಾನಿಸುವುದು ಕ್ರೂರವಾದ ಅಜ್ಞಾನ. 1979ರಲ್ಲಿ ಲಂಡನ್ನಿನ ವೈದ್ಯನಾದ ಜೆರಾಲ್ಡ್ ರಸೆಲ್ ಎಂಬವನು ತಾನು ಕಂಡ 30 ರೋಗಿಗಳ ವೃತ್ತಾಂತವನ್ನು ಬರೆದು, ಈ ವ್ಯಾಧಿಗೆ 'ಬುಲಿಮಿಯಾ ನರ್ವೋಸಾ' ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ಬುಲಿಮಿಯಾ ಎಂದರೆ ಎತ್ತಿನಂತಹ ಹಸಿವು. ಬಹಳ ದಿನ ಅರೆಹೊಟ್ಟೆಯಲ್ಲಿದ್ದು, ತಡೆಯಲಾರದೆ ಒಮ್ಮೆಗೇ ಉಂಡು, ಉಂಡೆನೆಂಬ ಭಯದಿಂದ ವಾಂತಿಯನ್ನೋ ಭೇದಿಯನ್ನೋ ಮಾಡಿಕೊಳ್ಳುವುದು ಅದರ ಲಕ್ಷಣ. ಅಲ್ಲಿ ಮೊದಲು ಇರುವುದು ಲೋಭವಲ್ಲ, ಲಜ್ಜೆ. ಕನ್ನಡಿಯಲ್ಲಿ ಕಾಣುವುದು ತನ್ನ ಮುಖವಲ್ಲ, ಇತರರ ಕಣ್ಣು.

ಆ ಕಣ್ಣು ಯಾರದು? ಇದೇ ಈ ವಿಚಾರದ ತಿರುಳು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟನ್ನು ತಿಂದು, ಚಹಾ ಕುಡಿದು, ಅಂಗಳವನ್ನು ದಾಟುವ ಮೊದಲೇ "ಹುಡುಗಿ ಚೊಲೊ ಅದಾಳ, ಆದರ ಜರಾ ದಪ್ಪ ಅದಾಳ" ಎನ್ನುತ್ತಾರೆ. ಒಳಗೆ ಬಾಗಿಲ ಮರೆಯಲ್ಲಿ ನಿಂತವಳಿಗೆ ಅದು ಕೇಳಿಸುತ್ತದೆ. ತಾಯಿಯು ಮಾತನಾಡುವುದಿಲ್ಲ, ಮರುದಿನ ರೊಟ್ಟಿಯನ್ನು ಬಡಿಸುವಾಗ ಎರಡರ ಬದಲು ಒಂದನ್ನಿಕ್ಕುತ್ತಾಳೆ. ಆ ಮೌನದ ರೊಟ್ಟಿಯಲ್ಲಿ ಎಷ್ಟು ಮಾತಿದೆಯೆಂಬುದನ್ನು ಮಗಳು ಬಲ್ಲಳು. ಮುಂದೆ ಅವಳು ಗುಟ್ಟಾಗಿ ಗುಳಿಗೆಯನ್ನು ತಂದಳೆಂದರೆ ಆ ಗುಟ್ಟಿನ ಒಡೆತನವು ಅವಳೊಬ್ಬಳದೇ ಎನ್ನಬಹುದೆ? ಸುಳ್ಳನ್ನು ಅವಳು ದೇಹಕ್ಕೆ ಹೇಳಿದಳು, ನಿಜ. ದೇಹವೇ ಅವಳ ಬೆಲೆಯೆಂಬ ಅದಕ್ಕಿಂತ ದೊಡ್ಡ ಸುಳ್ಳನ್ನು ಮನೆಯವರು ಅವಳಿಗೆ ಮೊದಲೇ ಹೇಳಿದ್ದರು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬನ್ನು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕನ್ನಡ ಕಿರುತೆರೆಯ ನಟಿಯೊಬ್ಬಳು 21ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೆಲ್ಲ ಮರುಗಿತು. ಮರುಗಿದವರ ಮನೆಗಳಲ್ಲಿ ಮರುವಾರವೇ ಅದೇ ಮಾತು, ಅದೇ ತಕ್ಕಡಿ.

ಗಂಡುಮಕ್ಕಳು ಇದರಿಂದ ದೂರವೆಂದೂ ಹೇಳಲಾಗದು. ತೂಕದ ವರ್ಗಕ್ಕೆ ಇಳಿಯಬೇಕೆಂದು ದೇಹದ ನೀರನ್ನು ಹಿಂಡಿಕೊಂಡು, 1997ರ ನವೆಂಬರ್ ಡಿಸೆಂಬರುಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಒಬ್ಬರ ಹಿಂದೊಬ್ಬರು ಸತ್ತರು. ಅವರು ನೀರನ್ನು ಕಳೆದುದು ಬೆವರಿನಿಂದ. ಉಳಿದ ಲೆಕ್ಕವೆಲ್ಲ ಒಂದೇ.

"ದೇಹವು ನನ್ನದು, ಅದನ್ನು ಏನಾದರೂ ಮಾಡಿಕೊಂಡೇನು, ಕೇಳಲು ನೀವು ಯಾರು?" ಎಂಬ ಮಾತು ಈ ಕಾಲದ್ದು. ಇದನ್ನು ತಳ್ಳಿಹಾಕುವುದು ಸುಲಭ, ಉತ್ತರಿಸುವುದು ಕಷ್ಟ. ಧರ್ಮಕ್ಕೆ ಶರೀರವೇ ಮೊದಲ ಸಾಧನವೆಂಬ ಕುಮಾರಸಂಭವದ ಮಾತು ಆಸ್ಪತ್ರೆಯ ಗೋಡೆಗಳಲ್ಲಿಯೂ ವ್ಯಾಯಾಮಶಾಲೆಗಳಲ್ಲಿಯೂ ಕಾಣಬರುತ್ತದೆ. ಆದರೆ ಕಾಳಿದಾಸನು ಅದನ್ನು ಯಾರ ಬಾಯಲ್ಲಿ, ಯಾರಿಗೆ ಹೇಳಿಸಿದನೆಂಬುದನ್ನು ನೆನೆಯುವವರು ಕಡಿಮೆ. ಐದನೆಯ ಸರ್ಗದಲ್ಲಿ ಪಾರ್ವತಿಯು ತಪಸ್ಸಿನಿಂದ ದೇಹವನ್ನು ಸವೆಸುತ್ತಿದ್ದಾಳೆ. ಉದುರಿದ ಎಲೆಯನ್ನೂ ಬಿಟ್ಟು ಅಪರ್ಣೆಯೆನಿಸಿದ್ದಾಳೆ. ವಟುವೇಷದಿಂದ ಬಂದ ಶಿವನು ಅವಳನ್ನು ಗದರಿಸುವುದಿಲ್ಲ. ಸಮಿತ್ತು ದೊರೆಯುವುದೆ, ಸ್ನಾನಕ್ಕೆ ನೀರುಂಟೆ ಎಂದು ಕುಶಲವನ್ನು ಕೇಳಿ, ನಿನ್ನ ಶಕ್ತಿಯನ್ನು ನೋಡಿಕೊಂಡು ತಪಸ್ಸು ಮಾಡುತ್ತಿದ್ದೀಯಷ್ಟೆ ಎಂದು ವಿಚಾರಿಸುತ್ತಾನೆ; ಆ ಸಂದರ್ಭದಲ್ಲಿ ಬಂದ ಮಾತು ಅದು. ಊಟ ಬಿಟ್ಟ ಒಬ್ಬ ಯುವತಿಗೆ, ಅವಳ ಹಿತವನ್ನು ಬಯಸುವವನು, ಪ್ರಶ್ನೆಯ ರೂಪದಲ್ಲಿ ಆಡಿದ ಮಾತು! ದೇಹವು ಅವಳದೇ ಎಂಬುದನ್ನು ಅಲ್ಲಿ ಯಾರೂ ಅಲ್ಲಗಳೆದಿಲ್ಲ. ಸಾಧನವು ಯಾರದೋ ಅವರೇ ಅದನ್ನು ಕಾಯತಕ್ಕದ್ದೆಂಬುದಷ್ಟೇ ಅದರ ಭಾವ.

ಸುರಪುರದ ಸೀಮೆಯಲ್ಲಿಯೇ ಇರುವ ಮುದನೂರಿನ ದಾಸಿಮಯ್ಯನು ಇದನ್ನು ಇನ್ನೊಂದು ಕಡೆಯಿಂದ ಕಂಡವನು. ಒಡಲುಳ್ಳವನಿಗೆ ಹಸಿವು ತಪ್ಪದೆಂಬುದನ್ನು ಮುಂದಿಟ್ಟು, ಒಡಲುಗೊಂಡವನೆಂದು ಜರೆಯಬೇಡ, ನೀನೂ ಒಮ್ಮೆ ಒಡಲನ್ನು ಧರಿಸಿ ನೋಡೆಂದು ಅವನು ತನ್ನ ರಾಮನಾಥನಿಗೇ ಸವಾಲು ಹಾಕಿದನು. ಹಸಿಯುವುದು ಅಪರಾಧವಲ್ಲವೆಂದು ದೇವರೊಡನೆ ವಾದಿಸಿದವನ ನೆಲದಲ್ಲಿ, ಹಸಿವಿಗಾಗಿ ನಾಚುವ ಮಕ್ಕಳು ಬೆಳೆಯುವುದು ಚೆನ್ನಾಗಿ ಕಾಣುವುದಿಲ್ಲ.

ಈ ನೆಲದ ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಐದನೆಯ ಸುತ್ತಿನಲ್ಲಿ, ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಕಂಡುಬಂದಿತು. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತವಾದ ನೀರನ್ನು ಕುಡಿದು ಜನರು ವಾಂತಿಭೇದಿಯಿಂದ ಆಸ್ಪತ್ರೆಯನ್ನು ಸೇರಿದರು, ಸಾವುಗಳೂ ಆದವು. ಅಲ್ಲಿ ಭೇದಿಯು ಕೊಂದುದು ಯಾವುದರಿಂದಲೋ ಇಲ್ಲಿ ಗುಳಿಗೆಯು ಕೊಲ್ಲುವುದೂ ಅದರಿಂದಲೇ, ನೀರಿನ ಮತ್ತು ಲವಣಗಳ ನಾಶದಿಂದ. ಒಂದೇ ಜಿಲ್ಲೆಯೊಳಗೆ ಒಂದು ಮನೆಯವರು ಉಪ್ಪು ಸಕ್ಕರೆಯ ನೀರನ್ನು ಚಮಚದಿಂದ ಕುಡಿಸಿ ಮಗುವಿನ ಜೀವವನ್ನು ಹಿಡಿದು ನಿಲ್ಲಿಸುತ್ತಿರುವಾಗ, ಇನ್ನೊಂದು ಮನೆಯಲ್ಲಿ ದುಡ್ಡನ್ನು ಕೊಟ್ಟು ಅದೇ ಉಪ್ಪು ನೀರನ್ನು ಚೆಲ್ಲುವುದು ವಿಚಿತ್ರವಾದ ದಾರಿದ್ರ್ಯವೇ ಸರಿ. ಅನ್ನವುಳ್ಳವರ ದಾರಿದ್ರ್ಯ.

ಕಾನೂನು ಇಲ್ಲವೇ ಎಂದು ಕೇಳುವವರುಂಟು. ಉಂಟು. ಔಷಧಗಳ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ಕುರಿತ 1954ರ ಅಧಿನಿಯಮದ ಅನುಸೂಚಿಯಲ್ಲಿ ಬೊಜ್ಜಿನ ಹೆಸರೂ ಇದೆ. ಅದನ್ನು ಗುಣಪಡಿಸುವೆನೆಂದು ಔಷಧದ ಜಾಹೀರಾತನ್ನು ಕೊಡುವಂತಿಲ್ಲ. ಚಹಾವೆಂದು ಕರೆದು ಅದರಿಂದ ನುಸುಳಿಕೊಳ್ಳುವ ಜಾಣರು ಇದ್ದೇ ಇದ್ದಾರೆ. ಇಂಗ್ಲೆಂಡಿನವರು 2020ರಲ್ಲಿ ಕರುಳನ್ನು ಕೆರಳಿಸುವ ಭೇದಿಗುಳಿಗೆಗಳನ್ನು ಸಾಮಾನ್ಯ ಅಂಗಡಿಗಳಲ್ಲಿ ಪೊಟ್ಟಣಕ್ಕೆ 20ಕ್ಕಿಂತ ಹೆಚ್ಚಾಗಿ ಮಾರಕೂಡದೆಂದೂ, ಅಲ್ಲಿ ಮಾರುವ ಪೊಟ್ಟಣಗಳು 18 ವರ್ಷ ತುಂಬಿದವರ ಉಪಯೋಗಕ್ಕೆ ಮಾತ್ರವೆಂದೂ ಕಟ್ಟು ಮಾಡಿದರು. ಒಳ್ಳೆಯದೇ. ಅಂಗಡಿಯ ಬಾಗಿಲನ್ನು ಸರಕಾರವು ಕಾಯಬಹುದು; ಊಟದ ಮನೆಯ ಮಾತನ್ನು ಯಾವ ಸರಕಾರವು ಕಾದೀತು?

ಹೀಗಿರಲು ಮಗಳ ಹಾಸಿಗೆಯ ಕೆಳಗೆ ಗುಳಿಗೆಯ ಪಟ್ಟಿಯನ್ನು ಕಂಡ ತಾಯಿಯು ಏನು ಮಾಡತಕ್ಕದ್ದು? ಕೂಗಾಡಿದರೆ ಅಡಗಿಸುವ ಸ್ಥಳವು ಬದಲಾಗುತ್ತದೆಯೇ ಹೊರತು ಅಭ್ಯಾಸವು ಬದಲಾಗದು. ಎದೆ ಹಾರುವುದು, ತಲೆ ಸುತ್ತಿ ಬೀಳುವುದು, ಕೈಕಾಲುಗಳ ಬಲ ಕುಂದುವುದು ಇವು ಕಂಡರೆ ತಡಮಾಡದೆ ಅಂದೇ ಆಸ್ಪತ್ರೆಗೆ ಕರೆದೊಯ್ದು, ರಕ್ತದ ಲವಣಗಳನ್ನು ಪರೀಕ್ಷಿಸಿ ಹೃದಯದ ಗತಿಯನ್ನು ನೋಡಿಸಬೇಕು. ಅಷ್ಟು ತೀವ್ರವಾಗಿಲ್ಲದಿದ್ದರೂ ವೈದ್ಯನಿಗೆ ನಿಜವನ್ನು ಹೇಳಬೇಕು. 'ಸುಮ್ಮನೆ ನಿತ್ರಾಣ' ಎಂದರೆ ಅವನು ಟಾನಿಕ್ಕು ಬರೆದು ಕಳುಹಿಸುತ್ತಾನೆ. ಎಷ್ಟೋ ಕಾಲದಿಂದ ತೆಗೆದುಕೊಂಡವಳಾದರೆ ಔಷಧವನ್ನು ಬಿಡಿಸುವುದು ವೈದ್ಯನ ಮೇಲ್ವಿಚಾರಣೆಯಲ್ಲಿಯೇ ಆಗತಕ್ಕದ್ದು. ಮನಸ್ಸಿನ ಭಾರಕ್ಕೆ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರಕಾರದ ವ್ಯವಸ್ಥೆಯುಂಟು. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಬೇಕಾಗಿಲ್ಲ.

ಸೋನಾಮುಖಿಯನ್ನು ಬಹುಕಾಲ ಸೇವಿಸಿದವರ ದೊಡ್ಡ ಕರುಳಿನ ಒಳಪೊರೆ ಕಂದಿ ಕಪ್ಪಾಗಿರುವುದನ್ನು ವೈದ್ಯರು ದುರ್ಬೀನಿನಿಂದ ಕಾಣುತ್ತಾರೆ. ಯಾರಿಗೂ ಹೇಳದ ಸಂಗತಿಯನ್ನು ದೇಹವು ಒಳಗೆ ಬರೆದಿಟ್ಟುಕೊಂಡಿರುತ್ತದೆ. ಔಷಧವನ್ನು ಬಿಟ್ಟ ಕೆಲವು ತಿಂಗಳಲ್ಲಿ ಆ ಕಪ್ಪು ತಾನಾಗಿಯೇ ಅಳಿಸಿಹೋಗುವುದು. ಆದರೆ ಬಿಟ್ಟ ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬುತ್ತದೆ, ಕಾಲು ಬಾಯುತ್ತದೆ, ತೂಕವು ಏರುತ್ತದೆ. ಅದು ದೇಹವು ಮರಳಿ ತುಂಬಿಕೊಳ್ಳುತ್ತಿರುವ ನೀರು. ಸ್ವಲ್ಪ ದಿನದಲ್ಲಿ ಇಳಿಯುವುದು. ಆ ವಾರಗಳ ಮಟ್ಟಿಗೆ ತೂಕದ ಯಂತ್ರವನ್ನು ನೆರೆಮನೆಗೆ ಕೊಟ್ಟುಬಿಟ್ಟು, ಮಗಳ ತಟ್ಟೆಗೆ ಎರಡನೆಯ ರೊಟ್ಟಿಯನ್ನು ಮೊದಲಿನಂತೆ ಇಕ್ಕಿದರೆ ಸಾಕು.